ಕಟ್ಟು ಬಿಚ್ಚಿದ ಸೊಪ್ಪು

ಸಂತೆಯಲ್ಲಿ ಸೊಪ್ಪು ಕೊಂಡ ಕೂಡಲೆ ನಾನು ಕಟ್ಟು ಬಿಚ್ಚಿ ಚೀಲಕ್ಕೆ ಹಾಕುವುದನ್ನು ಕಂಡು ನೀವು ನಗುತ್ತೀರಿ. ಚೀಲವೆಲ್ಲ ಮಣ್ಣಾಗುತ್ತದೆ ಎಂದು ನಿಮ್ಮಮ್ಮ ಗದರುತ್ತಾಳೆ. ಯಾಕೆ ಹೀಗೆ ಮಾಡುತ್ತೀಯ ಅಜ್ಜಿ ಎಂದು ಕೇಳಿದಿರಿ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಅರ್ಧಕ್ಕೇ ನಿಂತುಬಿಡುತ್ತದೆ, ಅದು ನಿಮಗೂ ಗೊತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಕವಲಂದೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎರಡು ಸಾವಿರದ ಇಸವಿ ಬಂದು ಸ್ವಲ್ಪ ಕಾಲವಾಗಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ನಂಜನಗೂಡಿನ ಒಂದು ಸೇವಾ ಸಂಸ್ಥೆಯಲ್ಲಿ ಊರು ತಿರುಗುವ ಕೆಲಸಕ್ಕೆ ಸೇರಿದ್ದೆ. ಸಂಸ್ಥೆಯ ಸಾಹೇಬರು ಆ ವರ್ಷ ನನಗೆ ವಹಿಸಿದ ಕೆಲಸ ಕೇಳಲು ಸುಲಭವಾಗಿತ್ತು. ಸೊಪ್ಪು, ತರಕಾರಿ, ಕಾಳು ಸಿಗದ ಕೇರಿಗಳಲ್ಲಿ ಅವನ್ನು ಮಾರುವ ಅಂಗಡಿ ಇಡುವಂತೆ ಯಾರನ್ನಾದರೂ ಒಪ್ಪಿಸಬೇಕು. ಒಪ್ಪಿದವರಿಗೆ ಸಂಸ್ಥೆಯೇ ತಕ್ಕಡಿ, ಡಬ್ಬ ಕೊಡುತ್ತದೆ. ನಂಜನಗೂಡಿನ ಮಾರುಕಟ್ಟೆಯಿಂದ ತನ್ನ ಟೆಂಪೊದಲ್ಲಿ ಮಾಲು ತಂದು ಅಂಗಡಿಯ ಬಾಗಿಲಿಗೆ ಇಳಿಸುತ್ತದೆ.

ನನ್ನ ಪಾಲಿಗೆ ಬಂದದ್ದು ಮೂಗೂರಿನಿಂದ ಒಳಕ್ಕೆ, ನಾಲೆಯ ಮಗ್ಗುಲಿನ ಒಂದು ಊರು. ಊರಿನ ಹೆಸರು ಬೇಡ. ಸುತ್ತ ಬತ್ತ, ಕಬ್ಬು, ಕಣ್ಣು ಹಾಯುವಷ್ಟು ದೂರ ಹಸಿರು. ಇಷ್ಟು ಹಸಿರಿನ ನಡುವೆ ತಿನ್ನಲು ಸೊಪ್ಪಿಲ್ಲವೆಂದರೆ ನಾನೂ ಮೊದಲು ನಂಬಲಿಲ್ಲ. ಊರಾಚೆಯ ಕೇರಿಯ ಹೆಂಗಸರು ನಾಟಿಗೆ, ಕಳೆಗೆ ಕೂಲಿ ಹೋಗುವವರು. ಸ್ವಂತ ನೆಲವಿಲ್ಲ. ಹಿಂದೆಲ್ಲ ಗದ್ದೆಯ ಬದುಗಳ ಮೇಲೆ ಅಣ್ಣೆ, ಕಿರಕಸಾಲೆ, ಹೊನಗೊನೆ, ಗಣಿಕೆ ತಾವಾಗಿ ಹುಟ್ಟುತ್ತಿದ್ದವು. ಕೆಲಸ ಬಿಟ್ಟು ಬರುವಾಗ ಚಿವುಟಿ ಮಡಿಲಿಗೆ ಹಾಕಿಕೊಂಡು ಬಂದರೆ ರಾತ್ರಿಗೆ ಬೆರಕೆ ಸೊಪ್ಪಿನ ಸಾರು. ಈಗ ಜಮೀನಿನವರು ಕಳೆಗೆ ಔಷಧಿ ಹೊಡೆಸುತ್ತಿದ್ದರು. ಗದ್ದೆ ಹಸಿರಾಗಿದ್ದರೂ ಬದುಗಳು ಸುಟ್ಟ ಹಾಗೆ ಕೆಂಪಗೆ ಬಿದ್ದಿದ್ದವು. ಕೇರಿಗೆ ಬರುತ್ತಿದ್ದ ನರ್ಸಮ್ಮ ಒಬ್ಬೊಬ್ಬ ಹೆಂಗಸಿನ ಕಣ್ಣಿನ ರೆಪ್ಪೆಯನ್ನು ಕೆಳಗೆ ಎಳೆದು ತೋರಿಸಿ, “ನೋಡಿ, ಬಿಳೀ ಕಾಗದದ ಹಾಗಿದೆ. ಮಾತ್ರೆ ನಾನು ಕೊಡ್ತೀನಿ, ಊಟ ಯಾರು ಕೊಡ್ತಾರೆ?” ಎಂದಿದ್ದರು.

ನಾನು ಮೊದಲು ಹೋದದ್ದು ದೊಡ್ಡಬೀದಿಯ ಅಂಗಡಿಗೆ. ಯಜಮಾನರು ಹಣೆ ತುಂಬ ವಿಭೂತಿ ಧರಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ನಮ್ಮ ಪೈಕಿಯವರೇ. ನನ್ನ ಮಾತನ್ನು ಕಡೆಯವರೆಗೂ ಕೇಳಿಸಿಕೊಂಡರು.

“ಅಲ್ಲಾ ತಾಯಿ, ನಿಮ್ಮ ಸಂಸ್ತೆಯೋರು ಯಾವತ್ತಾರ ಯಾಪಾರ ಮಾಡವ್ರಾ?”

“ಇಲ್ಲ” ಎಂದೆ.

“ಅದ್ಕೇಯ. ಸೊಪ್ಪು ಬಾಡ್ತದೆ. ಬೀಡಿ ಬಾಡ್ತದಾ? ಸೋಪು ಬಾಡ್ತದಾ? ಬಾಡೋ ಮಾಲ ಮಡಿಕಂಡೋನು ಮೊದ್ಲು ತಾನೇ ಬಾಡ್ತಾನೆ ಕಣವ್ವ.”

ಅಷ್ಟರಲ್ಲಿ ಕೇರಿಯ ಒಬ್ಬ ಹೆಂಗಸು ಎಣ್ಣೆಗೆ ಬಂದಳು. ಜಗಲಿ ಹತ್ತಲಿಲ್ಲ. ಯಜಮಾನರು ಎಣ್ಣೆಯನ್ನು ಅಳೆದು ಜಗಲಿಯ ತುದಿಯ ಚಪ್ಪಡಿಯ ಮೇಲಿಟ್ಟು ಹಿಂದಕ್ಕೆ ಸರಿದರು, ಅವಳು ಎತ್ತಿಕೊಂಡು ಹೋದಳು. ಇಬ್ಬರಿಗೂ ಅದು ಉಸಿರಾಡಿದಷ್ಟು ರೂಢಿ. ನಾನೂ ಅಂಥ ಜಗಲಿಯ ಮೇಲಿನ ಮನೆಯಲ್ಲೇ ಬೆಳೆದವಳು. ಆದರೆ ಅವತ್ತು ನನಗೆ ಚಪ್ಪಡಿ ಕಣ್ಣಿಗೆ ಬಿತ್ತು. ಅಂಗಡಿಯನ್ನು ಇಡುವುದಾದರೆ ಕೇರಿಯೊಳಗೇ ಇಡಬೇಕು, ಕೇರಿಯವರೇ ಇಡಬೇಕು ಎಂದು ಗಟ್ಟಿಮಾಡಿಕೊಂಡು ಬಂದೆ.

ಕೇರಿಯ ಕೊನೆಯ ಮನೆಯ ಹೆಂಗಸು ನನಗೆ ಸರಿ ಎನಿಸಿದಳು. ಗಂಡ ಹಾಸಿಗೆ ಹಿಡಿದಿದ್ದ, ಮನೆಗೆ ಅವಳ ಕೂಲಿಯೇ ಆಧಾರ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಖಾರ. ಮನೆಯ ಮುಂಭಾಗ ಬೀದಿಗೆ, ಹಿತ್ತಲು ಗದ್ದೆಯ ಕಾಲುದಾರಿಗೆ. ಆದರೆ ಅವಳು ಒಪ್ಪಲಿಲ್ಲ.

“ಅಂಗ್ಡಿ ಮಡಿಕಂಡ್ರೆ ನನ್ ಸಾಲು ಓಯ್ತದೆ ಕಣಮ್ಮಾರೆ” ಎಂದಳು. ನಾಟಿಯ ಹೆಂಗಸರು ಗುಂಪು ಕಟ್ಟಿಕೊಂಡು ಗದ್ದೆಗೆ ಇಳಿಯುತ್ತಾರೆ. ಗುಂಪಿನಲ್ಲಿ ಪ್ರತಿಯೊಬ್ಬಳಿಗೂ ಒಂದು ಸಾಲು. ಒಬ್ಬಳು ಬಿಟ್ಟರೆ ಆ ಸಾಲಿಗೆ ಕಾದಿರುವ ಇನ್ನೊಬ್ಬಳು ಬರುತ್ತಾಳೆ, ಬಿಟ್ಟವಳಿಗೆ ಮತ್ತೆ ಜಾಗವಿಲ್ಲ.

ನಾನು ಬಿಡಲಿಲ್ಲ. ನಾಚಿಕೆಯವಳಾದ ನನಗೆ ಬೇರೆ ಉಪಾಯ ತಿಳಿಯದು, ಹೋಗಿ ಸುಮ್ಮನೆ ಅವಳ ಬಾಗಿಲಲ್ಲಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಬಿಸಿಲಿಗೆ ಬಾಯಿ ಒಣಗಿ ನೀರು ಕೇಳಿದೆ. ಅವಳು ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತಳು, ಕೊಡಲೋ ಬೇಡವೋ ಎಂದು. ನಾನೇ ಎದ್ದು ಹೋಗಿ ಇಸಿದುಕೊಂಡು ಕುಡಿದೆ. ಅದುವರೆಗೆ ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದವಳು ಅವತ್ತಿನಿಂದ ನಂಬತೊಡಗಿದಳು. ಅಂಗಡಿ ಇಟ್ಟಳು. ನಾಟಿ ಗುಂಪಿನ ಮುಂದಾಳು ಹೆಂಗಸು, “ಓಗವ್ವ, ಓಗು, ಸಾವ್ಕಾರ್ತಿ ಆಗು. ನಮ್ನ ಮರೀಬ್ಯಾಡ” ಎಂದು ನಗುತ್ತಲೇ ಅವಳ ಸಾಲನ್ನು ಬೇರೆಯವಳಿಗೆ ಕೊಟ್ಟಳು.

ಅಂಗಡಿ ಹೇಗಿರಬೇಕೆಂದು ನಮಗೆ ನಂಜನಗೂಡಿನಲ್ಲಿ ತರಬೇತಿ ಕೊಟ್ಟಿದ್ದರು. ಕಾಳಿನ ಡಬ್ಬಕ್ಕೆ ಒಣಗಿದ ಬೇವಿನೆಲೆ ಹಾಕಬೇಕು. ಸೊಪ್ಪಿನ ಬೇರನ್ನು ಮಣ್ಣು ಹೋಗುವಂತೆ ತೊಳೆದು, ಒಂದೇ ಗಾತ್ರದ ಕಟ್ಟು ಮಾಡಿ, ಬಾಳೆನಾರಿನಲ್ಲಿ ಬಿಗಿಯಬೇಕು. ಒದ್ದೆ ಗೋಣಿಯ ಮೇಲೆ ಸಾಲಾಗಿ ನಿಲ್ಲಿಸಿ, ಗಳಿಗೆಗೊಮ್ಮೆ ನೀರು ಚಿಮುಕಿಸಿ, ಬೀದಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವ ಹಾಗೆ ಇಡಬೇಕು. ಇದನ್ನೆಲ್ಲ ಅವಳಿಗೆ ಕಲಿಸಿದೆ. ಅವಳು ಒಂದೂ ತಪ್ಪದ ಹಾಗೆ ಮಾಡಿದಳು.

ಜೊತೆಗೆ ಅವಳೇ ತಂದಿಟ್ಟ ಸೋಪು ಹೋಯಿತು, ಬೀಡಿ ಹೋಯಿತು. ಹುರುಳಿ, ಅಲಸಂದೆ ಅಷ್ಟಿಷ್ಟು ಹೋದವು. ಸೊಪ್ಪನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಹೆಂಗಸರು ಬಂದು ನೋಡುತ್ತಿದ್ದರು, ಬೆರಳಲ್ಲಿ ಎಲೆ ಮುಟ್ಟುತ್ತಿದ್ದರು, ಅತ್ತಿತ್ತ ನೋಡಿ ಕೈ ತೆಗೆಯುತ್ತಿದ್ದರು. ಬೀದಿಯ ತಲೆಯಲ್ಲಿ, ಅರಳಿಕಟ್ಟೆಯ ಮೇಲೆ ಸಂಜೆ ಹೊತ್ತು ಕೂರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕರೆದು, “ಏನವ್ವ ಸಂಸ್ತೆಯವ್ವ, ಸೊಪ್ಪ ಕಾಸ್ ಕೊಟ್ಟು ತಿನ್ನೋ ಕಾಲ ಬಂತಾ ನಮ್ ಬೀದಿಗೆ? ಗದ್ದೆ ಬದಿನಲ್ಲಿ ಬಗ್ಗಕ್ಕಾಗ್ದೋಳು ಸೊಸೆಯಾ?” ಎಂದಳು. ಕಟ್ಟೆಯ ಮೇಲಿನವರೆಲ್ಲ ನಕ್ಕರು. ನಾನೂ ನಕ್ಕು ಮುಂದೆ ಹೋದೆ.

ಬಾಡಿದ ಸೊಪ್ಪು ಮೇಕೆಗೆ ಬೀಳುತ್ತಿತ್ತು. ಮೊದಮೊದಲು ಅಂಗಡಿಯವಳೇ ಹಾಸ್ಯ ಮಾಡಿದಳು: “ನಿಮ್ ಸೊಪ್ಪ ತಿಂದು ನನ್ ಮೇಕೆ ಮದ್ವೆ ಎಣ್ಣಂಗ್ ಆಗದ ನೋಡಿ.” ಆಮೇಲೆ ಹಾಸ್ಯ ನಿಂತಿತು. ಬೆಲೆ ಇಳಿಸಿ ನೋಡಿದೆವು. ಸಾಹೇಬರು ಗೋಡೆಗೆ ಅಂಟಿಸಲು ಬಣ್ಣದ ಚಿತ್ರಗಳನ್ನು ಕಳಿಸಿದರು, ಯಾವ ಸೊಪ್ಪಿನಲ್ಲಿ ಏನು ಸತ್ವ ಎಂದು. ಮಕ್ಕಳು ಅವನ್ನು ಕಿತ್ತು ಪುಸ್ತಕಕ್ಕೆ ರಟ್ಟು ಹಾಕಿಕೊಂಡರು. ಒಂದು ಬೆಳಿಗ್ಗೆ ಅಂಗಡಿಯವಳು ಮುಂದಾಳು ಹೆಂಗಸಿನ ಹತ್ತಿರ ಹೋಗಿ ತನ್ನ ಸಾಲನ್ನು ತಿರುಗಿ ಕೇಳಿದಳಂತೆ. “ಇದ್ದೋಳ್ನ ಎಬ್ಬಿಸ್ಲಾ?” ಎಂದು ಅವಳು ಕೇಳಿದಳಂತೆ. ಇದನ್ನು ನನಗೆ ಹೇಳುವಾಗ ಅಂಗಡಿಯವಳು ನನ್ನ ಮುಖ ನೋಡಲಿಲ್ಲ, ಬಾಳೆನಾರನ್ನು ಸೀಳುತ್ತ ಕೂತಿದ್ದಳು. ನಾನು ಬಾಗಿಲಲ್ಲಿ ಕೂರದಿದ್ದರೆ ಅವಳು ಗದ್ದೆಯಲ್ಲಿರುತ್ತಿದ್ದಳು, ಅವಳ ಗಂಡನಿಗೆ ಗಂಜಿ ಬೇಯುತ್ತಿತ್ತು.

ಒಂದು ಸಂಜೆ ಬಸ್ಸು ತಪ್ಪಿ, ಇನ್ನೊಂದು ರಸ್ತೆಗೆ ಹೋಗಲು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದೆ. ನಾಟಿ ಮುಗಿಸಿದ ಗುಂಪು ಎದುರಿಗೆ ಬರುತ್ತಿತ್ತು. ಎಲ್ಲರಿಗಿಂತ ಹಿಂದೆ ಒಬ್ಬಳು ಎಳೆಯ ಸೊಸೆ ಬಗ್ಗಿ ಏನನ್ನೋ ಕೀಳುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಬರೀ ಗರಿಕೆ, ಹುಲ್ಲು. ಹಿಡಿ ಹಿಡಿ ಕಿತ್ತು ಮಡಿಲಿಗೆ ತುರುಕುತ್ತಿದ್ದಳು.

“ಮೇಕೆಗಾ?” ಎಂದೆ.

“ನಮ್ಮನೇಲಿ ಮೇಕೆ ಎಲ್ಲದ ಅಕ್ಕ?” ಎಂದಳು, ತಲೆ ಎತ್ತದೆ.

ಮುಂದಾಳು ಹೆಂಗಸು ತಿರುಗಿ ನಿಂತಳು. “ಏನ್ ನೋಡ್ತಿದ್ದೀಯವ್ವ? ಬರೀ ಮಡ್ಲಲ್ಲಿ ಎಣ್ಣೆಂಗ್ಸು ಬೀದಿಗ್ ಬತ್ತಾಳಾ? ಕಟ್ಟೆ ಮ್ಯಾಲೆ ಅತ್ತೆದೀರು ಕುಂತಿರ್ತಾರೆ. ಮಡ್ಲು ಉಬ್ಬಿರ್ಬೇಕು. ಒಳೀಕ್ ಓದ್ಮೇಲೆ ಇತ್ಲಿಗ್ ಬಿಸಾಕ್ತಾಳೆ.”

“ಅಂಗಡಿಯಲ್ಲಿ ಸೊಪ್ಪಿದೆಯಲ್ಲ” ಎಂದೆ.

ಅವಳು ಜೋರಾಗಿ ನಕ್ಕಳು. “ಆ ಕಟ್ಟ ಮಡ್ಲಿಗ್ ಆಕಂಡ್ರೆ ಅತ್ತೆ ಕೇಳಾಕಿಲ್ವಾ? ಬದುವೇ ಬಾಳೆನಾರಲ್ಲಿ ಕಟ್ಕೊಡ್ತಾ ಅಂತ!”

ಗುಂಪೆಲ್ಲ ನಕ್ಕಿತು. ಎಳೆಯ ಸೊಸೆ ನಗಲಿಲ್ಲ, ಹುಲ್ಲು ತುಂಬಿದ ಮಡಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ದಾಟಿ ಹೋದಳು. ಮಡಿಲು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಕಟ್ಟೆಯ ಮುದುಕಿ ಅವತ್ತು ಹೇಳಿದ್ದನ್ನು ನಾನು ನಕ್ಕು ದಾಟಿದ್ದೆನಲ್ಲ, ಅದು ಈಗ ಬಂದು ಎದೆಗೆ ತಾಕಿತು.

ನಾನು ಬಸ್ಸನ್ನು ಬಿಟ್ಟು ಕೇರಿಗೆ ತಿರುಗಿದೆ. ಅಂಗಡಿಯವಳಿಗೆ ಹೇಳಿದರೆ ಅವಳಿಗೆ ಅದು ಹೊಸದೇ ಅಲ್ಲ. “ನಾನೂ ಉಲ್ಲು ತಂದೋಳೆಯ. ನೀವು ಕಟ್ಟಿ ಮಡುಗು ಅಂದ್ರಿ. ಕಟ್ಟಾದ್ ಬುಟ್ರೆ ಟೆಂಪೊ ಬರಾಕಿಲ್ಲ ಅನ್ಕಂಡೆ” ಎಂದಳು.

ಮಾರನೆಯ ದಿನ ಟೆಂಪೊ ಸೊಪ್ಪನ್ನು ಇಳಿಸಿದ ಮೇಲೆ ಇಬ್ಬರೂ ಹಿತ್ತಲಲ್ಲಿ ಕೂತೆವು. ನಾರು ಬಿಚ್ಚಿದೆವು. ಪೇಟೆಯ ಸೊಪ್ಪು ಬೇರು ಸಮೇತ ಕಿತ್ತದ್ದು, ಬದುವಿನದು ಬೆರಳಲ್ಲಿ ಚಿವುಟಿದ್ದು. ಹಾಗಾಗಿ ಬೇರು ಕತ್ತರಿಸಿ, ಕುಡಿಗಳನ್ನು ಉದ್ದ ಗಿಡ್ಡ ಚಿವುಟಿ ಗುಡ್ಡೆ ಹಾಕಿದೆವು. ನಾನು ಸಬ್ಬಸಿಗೆಯನ್ನೂ ಬೆರೆಸಲು ಹೋದೆ. ಅವಳು ನನ್ನ ಕೈ ಹಿಡಿದಳು. “ಸಬ್ಸಿಗೆ ಯಾವ್ ಬದಿನಲ್ ಉಟ್ತದವ್ವ? ಮೂಗೇ ಏಳ್ಬುಡ್ತದ.” ಅದನ್ನು ತೆಗೆದಿಟ್ಟೆವು. ಕೀರೆ, ದಂಟು, ಹೊನಗೊನೆ ಮಾತ್ರ ಸೇರಿಸಿ ಬುಟ್ಟಿಗೆ ತುಂಬಿ ಒದ್ದೆ ಗೋಣಿ ಮುಚ್ಚಿ, ಹಿತ್ತಲ ಬಾಗಿಲಲ್ಲಿ ಇಟ್ಟೆವು. ಗದ್ದೆಯಿಂದ ಬರುವ ಕಾಲುದಾರಿ ಅಲ್ಲೇ ಹಾಯುತ್ತಿತ್ತು, ಕಟ್ಟೆಗೆ ಕಾಣುತ್ತಿರಲಿಲ್ಲ.

ಮೊದಲ ಸಂಜೆ ಬಂದವಳು ಆ ಎಳೆಯ ಸೊಸೆ. ನಿಂತಳು, ನೋಡಿದಳು, ಮಡಿಲಿನ ಹುಲ್ಲನ್ನು ಬೇಲಿಗೆ ಸುರಿದಳು. ಅಂಗಡಿಯವಳು ಎರಡೂ ಕೈಯಲ್ಲಿ ಸೊಪ್ಪು ಎತ್ತಿ ಹಾಕಿದಳು. ಆಮೇಲೆ ಆಮೇಲೆ ಇದೇ ರೂಢಿಯಾಯಿತು. ಕಾಸನ್ನು ಬೆಳಿಗ್ಗೆ ಬೀಡಿಗೋ ಎಲೆ ಅಡಿಕೆಗೋ ಬಂದಾಗ ಕೊಟ್ಟಿರುತ್ತಿದ್ದರು, ಸಂಜೆ ಬರೀ ಮಡಿಲು ಒಡ್ಡುವುದು. ಕೇರಿಯಲ್ಲಿ ಮಸ್ಸೊಪ್ಪಿನ ಘಮ ಎದ್ದಿತು. ಕಟ್ಟೆಯ ಮೇಲೆ ಮುದುಕಿಯರು, “ನಾಲೆ ಆಚೆ ಬದಿಗೆ ಔಸ್ದಿ ಒಡ್ದಿಲ್ವಂತೆ ಕಣ” ಎಂದು ಮಾತಾಡಿಕೊಂಡರು. ಮೇಕೆ ಬಡವಾಯಿತು.

ಹೀಗೆ ನಡೆಯುತ್ತಿರುವಾಗ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿದರು.

“ಏನಮ್ಮ, ಸೊಪ್ಪನ್ನ ಹಿತ್ತಲಲ್ಲಿಟ್ಟು ಕದ್ದು ಮಾರಿಸ್ತಿದೀರಂತೆ? ಟೆಂಪೊ ಡ್ರೈವರ್ ಹೇಳ್ದ. ನೋಡಿ, ನಮಗೆ ದುಡ್ಡು ಕೊಡೋರು ಮೈಸೂರಿಂದ ಬರ್ತಿದಾರೆ. ಮುಂದೆ ಕಟ್ಟು ಕಟ್ಟಿ ಸಾಲಾಗಿ ಇಡ್ಸಿ. ಹೆಂಗಸರ ಕೈಗೆ ಒಂದೊಂದು ಕಟ್ಟು ಕೊಟ್ಟು ಅಂಗಡಿ ಮುಂದೆ ನಿಲ್ಸಿ, ಫೋಟೋ ತೆಗೀಬೇಕು.”

“ಅವರ ಅತ್ತೆಯರು ಸಾರ್...” ಎಂದೆ. ಮುಂದಕ್ಕೆ ಬರಲಿಲ್ಲ.

“ನಾಚ್ಕೊಂಡ್ರೆ ಹೇಗಮ್ಮ? ಕೊಂಡು ತಿನ್ನೋದು ತಪ್ಪೇನಲ್ಲ. ನೀವೇ ಅವರಿಗೆ ತಿಳಿಸಿ ಹೇಳ್ಬೇಕು. ಬಂದೋರಿಗೆ ಏನೂ ಕಾಣ್ಲಿಲ್ಲ ಅಂದ್ರೆ ಟೆಂಪೊ ಓಡ್ಸೋಕೆ ನಾನು ಎಲ್ಲಿಂದ ತರ್ಲಿ?” ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವರು ಕೆಟ್ಟವರಲ್ಲ. ಅವರ ಮೇಲೂ ಕೇಳುವವರಿದ್ದರು.

ಅಂಗಡಿಯವಳಿಗೆ ಹೇಳಿದೆ. ಅವಳು ತಕ್ಕಡಿಯ ಬಟ್ಟಲನ್ನು ಒರೆಸುವುದನ್ನು ನಿಲ್ಲಿಸಿದಳು.

“ಪೋಟಾ ತೆಗುದ್ರೆ ಒಬ್ಳೂ ಇತ್ಲಿಗ್ ಬರಾಕಿಲ್ಲ. ತೆಗೀದಿದ್ರೆ ಟೆಂಪೊ ಬರಾಕಿಲ್ಲ. ಅತ್ಲಾಗೂ ಬಾವಿ, ಇತ್ಲಾಗೂ ಬಾವಿ. ಯಾವ್ದುಕ್ ಬೀಳ್ಲಿ ಅಂತ ನೀವೇ ಏಳಿ. ಅಂಗ್ಡಿ ಮಡುಗ್ಸುದೋರು ನೀವು.”

ಹೆಂಗಸರನ್ನು ಕೇಳಿ ನೋಡೋಣವೆಂದರೆ, ಕೇಳುವುದೇ ಅವರ ಗುಟ್ಟನ್ನು ಬೀದಿಗೆ ತಂದ ಹಾಗೆ. ಅವರು ನಮ್ಮ ಹತ್ತಿರ ಕೂಡ ಅದನ್ನು ಬಾಯಿಬಿಟ್ಟು ಆಡಿದವರಲ್ಲ. ಮೈಸೂರಿನವರು ಬರುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಔಷಧಿ ಹೊಡೆದ ಬದುಗಳು ಹಿಂದೆ ಹಿಂದೆ ಓಡುತ್ತಿದ್ದವು. ಟೆಂಪೊ ನಿಂತರೆ ಸೊಪ್ಪು ತರಲು ಬೇರೆ ದಾರಿ ಹುಡುಕಬಹುದು, ಮಾನ ಹೋದ ಹೆಂಗಸು ಆ ಹಿತ್ತಲಿಗೆ ಮತ್ತೆ ಬರಲು ದಾರಿಯೇ ಇಲ್ಲ. ಇಳಿಯುವ ಹೊತ್ತಿಗೆ ಇಷ್ಟು ಮಾತ್ರ ನನ್ನಲ್ಲಿ ಸ್ಪಷ್ಟವಾಗಿತ್ತು. ಬರುವವರಿಗೆ ತೋರಿಸಲೆಂದು ಅಂಗಡಿಯವಳು ಮುಂದೆ ಹಾಸಿದ್ದ ಗೋಣಿಯನ್ನು ನಾನೇ ತೆಗೆದು ಒಳಗಿಟ್ಟೆ. ಅವಳು ನೋಡಿದಳು, ಸೊಪ್ಪಿನ ಬುಟ್ಟಿಯನ್ನು ಹಿತ್ತಲಿಗೆ ಒಯ್ದಳು.

ಸಂಜೆ ಜೀಪು ಬಂತು. ಸಾಹೇಬರ ಜೊತೆ ಮೂರ್ನಾಲ್ಕು ಜನ, ಅವರಲ್ಲಿ ಒಬ್ಬರು ವಯಸ್ಸಾದ ಅಮ್ಮ. ಅಂಗಡಿಯ ಮುಂದೆ ನೇತುಹಾಕಿದ ಕುರುಕಲು ತಿಂಡಿಯ ಪೊಟ್ಟಣಗಳು ಗಾಳಿಗೆ ಆಡುತ್ತಿದ್ದವು.

“ಸೊಪ್ಪೆಲ್ಲಮ್ಮ?” ಎಂದರು ಸಾಹೇಬರು.

“ಇಲ್ಲ ಸಾರ್. ಇಲ್ಲಿ ಯಾರೂ ಸೊಪ್ಪು ಕೊಳ್ಳಲ್ಲ. ನಿಲ್ಲಿಸಿಬಿಟ್ಟಿದೀವಿ” ಎಂದೆ. ಅಷ್ಟು ಗಂಡಸರ ಎದುರು ನಾನು ತಡವರಿಸದೆ ಆಡಿದ ಮೊದಲ ಮಾತು ಅದು, ಅದೂ ಸುಳ್ಳು.

ಸಾಹೇಬರು ನನ್ನ ಮುಖ ನೋಡಿದರು. ಅಂಗಡಿಯವಳು ಆಚೆಯಿಂದ ಮುಚ್ಚಿಕೊಂಡಿದ್ದ ಹಿತ್ತಲ ಬಾಗಿಲ ಕಡೆ ನೋಡಿದರು. ಬಾಗಿಲು ತೆಗೆಸಿ ಎನ್ನುತ್ತಾರೆಂದುಕೊಂಡೆ. ಅವರು ಅನ್ನಲಿಲ್ಲ. ಯಾಕೋ, ಇವತ್ತಿಗೂ ತಿಳಿಯದು.

ಆ ಹೊತ್ತಿಗೆ ನಾಟಿಯ ಗುಂಪು ಓಣಿಯಿಂದ ಬೀದಿಗೆ ಬಂತು. ಹಿತ್ತಲನ್ನು ಹಾದೇ ಬಂದಿದ್ದರು, ಎಲ್ಲರ ಮಡಿಲೂ ಉಬ್ಬಿತ್ತು. ವಯಸ್ಸಾದ ಅಮ್ಮ ಮುಂದಾಳು ಹೆಂಗಸನ್ನು ನಿಲ್ಲಿಸಿ, “ನೀವು ಸೊಪ್ಪು ತಿಂತೀರೇನಮ್ಮ?” ಎಂದು ಕೇಳಿದರು.

ಅವಳು ಕಟ್ಟೆಗೂ ಕೇಳುವ ಹಾಗೆ ಹೇಳಿದಳು: “ತಿನ್ದೇ ಏನವ್ವ? ಬದಿನಲ್ಲಿ ರಾಶಿ ಬಿದ್ದದ. ದಿನಾ ಚೂಟ್ಕಂಡ್ ಬತ್ತೀವಿ, ನೋಡಿ.” ಮಡಿಲನ್ನು ಬಿಡಿಸಿ ತೋರಿಸಿದಳು. ಬೆಳಿಗ್ಗೆ ನಾನು ಚಿವುಟಿದ ಕೀರೆಯ ಕುಡಿಗಳು.

ಅಮ್ಮನಿಗೆ ಸಂತೋಷವಾಯಿತು. “ನೋಡಿ, ಇವರಿಗೆ ಅಂಗಡಿಯೇ ಬೇಕಾಗಿರಲಿಲ್ಲ” ಎಂದು ಸಾಹೇಬರಿಗೆ ಹೇಳಿ ಜೀಪು ಹತ್ತಿದರು. ಸಾಹೇಬರು ಹತ್ತುವ ಮುಂಚೆ ನನ್ನ ಹತ್ತಿರ ಬಂದು, “ಇನ್ನು ಟೆಂಪೊ ಉಳಿಸೋದು ನನ್ನ ಕೈಲಾಗಲ್ಲಮ್ಮ” ಎಂದು ಮೆಲ್ಲಗೆ ಹೇಳಿದರು.

ಟೆಂಪೊ ನಿಂತಿತು. ಖಾಲಿ ಬುಟ್ಟಿಯನ್ನು ನನ್ನ ಮುಂದಿಟ್ಟು ಅಂಗಡಿಯವಳು, “ಮಾನ ಉಳ್ಸುದ್ರಿ, ಸರಿ. ನಾಳೀಕೆ ಇದುಕ್ ಏನ್ ಆಕ್ಲಿ?” ಎಂದಳು. ಮಾರನೆಯ ದಿನ ಮೊದಲ ಬಸ್ಸಿಗೆ ಇಬ್ಬರೂ ತಿರುಮಕೂಡಲಿಗೆ, ಅದೇ ಟಿ. ನರಸೀಪುರಕ್ಕೆ, ಹೋಗಿ ಹೊಳೆದಂಡೆಯಲ್ಲಿ ಸೊಪ್ಪು ಬೆಳೆಯುವವರನ್ನು ಹುಡುಕಿದೆವು. ಒಬ್ಬರು ಒಪ್ಪಿದರು. ಆದರೆ ಕಂಡಕ್ಟರ್, ನೀರು ಸೋರುವ ಮೂಟೆ ಹತ್ತಿಸಬೇಡಿ ಎಂದು ಗಲಾಟೆ ಮಾಡುತ್ತಿದ್ದ. ಗಂಡನ ಮೈ ಒರೆಸಿ, ಗಂಜಿ ಕುಡಿಸಿ ಅವಳು ಹೊರಡುವಷ್ಟರಲ್ಲಿ ಎಷ್ಟೋ ದಿನ ಬಸ್ಸು ಹೋಗಿರುತ್ತಿತ್ತು. ಸೊಪ್ಪು ಬಂದ ದಿನ ಬಂತು, ಬಾರದ ದಿನ ಇಲ್ಲ. ಬಾರದ ದಿನ ಹೆಂಗಸರು ಹಿತ್ತಲಿಗೆ ಬಂದು, ಬುಟ್ಟಿ ನೋಡಿ, ಹಿಂದಕ್ಕೆ ನಾಲೆಯ ಕಡೆ ನಡೆಯುತ್ತಿದ್ದರು, ಹುಲ್ಲು ಕೀಳಲು. ಬದುಕಬೇಕಲ್ಲ, ಅಂಗಡಿಯ ಮುಂದೆ ಪೊಟ್ಟಣಗಳ ಮಾಲೆಗಳು ಹೆಚ್ಚಾದವು. ಆಫೀಸಿನವರ ಲೆಕ್ಕದಲ್ಲಿ ಆ ಅಂಗಡಿ ಸೋತಿತ್ತು. ನನ್ನನ್ನು ನಂಜನಗೂಡಿನ ಕಡೆಯ ಊರುಗಳಿಗೆ ಹಾಕಿದರು.

ಕೆಲವು ವರ್ಷಗಳ ಮೇಲೆ ಮೂಗೂರಿನ ನೆಂಟರ ಮನೆಗೆ ಹೋದವಳು ಸಂಜೆ ಅಲ್ಲಿಗೂ ಹೋದೆ. ಅಂಗಡಿ ಇತ್ತು. ಅವಳು ನನ್ನನ್ನು ಗುರುತಿಸಿ, ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಗಂಡ ತೀರಿಕೊಂಡಿದ್ದ. ಬುಟ್ಟಿಯ ತಳದಲ್ಲಿ ಸ್ವಲ್ಪ ಸೊಪ್ಪಿತ್ತು.

ನಾನು ಚೀಲ ಬಿಡಿಸಿದೆ.

“ಚೀಲ ಯಾಕಕ್ಕ? ಇಡೀರಿ ಮಡ್ಲ” ಎಂದಳು.

ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ನನ್ನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಗಂಡ ಹೋದವಳಿಗೆ ಮಡಿಲು ತುಂಬುವುದಿಲ್ಲ. ನಾನು ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡೆ. ಆಮೇಲೆ ಸೆರಗು ಒಡ್ಡಿದೆ. ಅವಳು ಬುಟ್ಟಿಯಲ್ಲಿದ್ದದ್ದನ್ನೆಲ್ಲ ಬಾಚಿ ಹಾಕಿದಳು.

ಬಸ್ಸಿಗೆ ಹೋಗಲು ಕಟ್ಟೆಯ ಮುಂದೆ ಹಾಯಬೇಕು. ಆ ಮುದುಕಿ ಇನ್ನೂ ಅಲ್ಲೇ ಕೂತಿದ್ದಳು, ಕಣ್ಣು ಮಂಜಾಗಿತ್ತು. ನನ್ನ ಮುಖ ಕಂಡಿತೋ ಇಲ್ಲವೋ, ಉಬ್ಬಿದ ಮಡಿಲು ಕಂಡಿತು.

“ಯಾವ್ ಬದಿನಲ್ ಸಿಕ್ತವ್ವ?” ಎಂದಳು.

“ನಾಲೆ ಆಚೆ ಬದಿನಲ್ಲಿ” ಎಂದೆ.

“ಅಲ್ಲಿ ಸಂದಾಕಿರ್ತದ ಕಣವ್ವ. ನನ್ ಸೊಸೇನೂವ ಅಲ್ಲಿಂದ್ಲೇ ತರಾದು” ಎಂದು ಮುದುಕಿ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು.